ಕೊಲೆಯ ಕಥೆಯೂ ವಿಮರ್ಶಕನ ಹೊಣೆಯೂ

ಕಳೆದ ತಿಂಗಳು ನಮ್ಮ ಕಾಲೇಜಿನ ಎರಡನೆಯ ವರ್ಷದ ಬಿ.ಎ. ವಿದ್ಯಾರ್ಥಿಗಳಿಗೆ ವಿಮರ್ಶೆಯ ಅಭ್ಯಾಸಕ್ಕೆಂದು ಒಂದು ಬರವಣಿಗೆಯನ್ನು ಗೊತ್ತುಮಾಡಿದ್ದೆ. ಈಚೆಗೆ ತಾವು ಓದಿದ, ನೋಡಿದ ಇಲ್ಲವೆ ಕೇಳಿದ ಯಾವುದಾದರೊಂದು ಕೃತಿಯನ್ನು ಕುರಿತು ಎರಡು ಪುಟ ಬರೆಯಬೇಕು. ಕೃತಿಯ ಆಯ್ಕೆ ಅವರದೇ. ಕಾದಂಬರಿಗಳು, ನಾಟಕಗಳು ಬಂದಾವೆಂದು ಎಣಿಸಿದ್ದೆ. ಬಂದುವು, ಆದರೆ ಕೆಲವೇ. ಮೂವತ್ತೆಂಟು ಬರಹಗಳಲ್ಲಿ ಹನ್ನೊಂದು, ನಿಜವಾಗಿ ನಡೆದ ಕೊಲೆಗಳನ್ನು ಕುರಿತ ಪಾಡ್‌ಕಾಸ್ಟುಗಳ ಮತ್ತು ಟೆಲಿವಿಷನ್ ಸರಣಿಗಳ ವಿಮರ್ಶೆಗಳಾಗಿದ್ದುವು. ‘ರೋಚಕ’, ‘ಮೈನವಿರೇಳಿಸುವಂಥದು’, ‘ಒಂದೇ ರಾತ್ರಿಯಲ್ಲಿ ನೋಡಿ ಮುಗಿಸಿದೆ’ ಎಂಬ ಮಾತುಗಳು ಎಲ್ಲದರಲ್ಲಿಯೂ ಇದ್ದುವು. ಹುಡುಗರನ್ನು ದೂರಿ ಫಲವಿಲ್ಲ. ನಮ್ಮ ಪತ್ರಿಕೆಗಳ ವಿಮರ್ಶೆಯ ಅಂಕಣಗಳು ಅವರಿಗೆ ಕಲಿಸಿರುವ ಭಾಷೆಯೇ ಅದು.

ಇನ್ನೊಂದು ಬರಹ ಬೇರೆ ಬಗೆಯದು. ಅದು ಅರ್ಧ ಪುಟ ಮಾತ್ರ. ಬರೆದ ವಿದ್ಯಾರ್ಥಿನಿಯ ಊರಿನಲ್ಲಿ ಕೆಲವು ವರ್ಷಗಳ ಹಿಂದೆ ಒಬ್ಬ ಹುಡುಗಿಯ ಕೊಲೆಯಾಯಿತು. ಯಾರೋ ಅದನ್ನು ಕಥೆಯಾಗಿ ಹೇಳಿ, ಹಿಂದೆ ಸಂಗೀತವನ್ನು ಕೂಡಿಸಿ, ಅಂತರಜಾಲದಲ್ಲಿ ಹರಿಯಬಿಟ್ಟರು. ಊರೆಲ್ಲ ಕೇಳಿತು. ಅಂದಿನಿಂದ ಆ ಹುಡುಗಿಯ ತಾಯಿ ಮದುವೆ ಮುಂಜಿಗಳಿಗೆ ಹೋಗುವುದನ್ನೇ ಬಿಟ್ಟಿದ್ದಾರೆ. ಹೋದಲ್ಲೆಲ್ಲ, ಮಗಳ ಕೊನೆಯ ಗಂಟೆಯ ವಿಚಾರವನ್ನು ತಮಗಿಂತ ಹೆಚ್ಚಾಗಿ ತಿಳಿದವರು ಎದುರಾಗುತ್ತಾರೆ. ಬರಹದ ಕೊನೆಯಲ್ಲಿ ಆಕೆ, “ಈ ಕಾರ್ಯಕ್ರಮವನ್ನು ವಿಮರ್ಶಿಸುವುದು ನನ್ನಿಂದಾಗಲಿಲ್ಲ, ಸರ್. ಅಂಕ ಎಷ್ಟು ಕಳೆದರೂ ಸರಿ” ಎಂದು ಬರೆದಿದ್ದಳು.

ಆ ಅರ್ಧ ಪುಟ ನನ್ನನ್ನು ಹಲವು ದಿನ ಕಾಡಿತು. ಈ ಲೇಖನ ಹುಟ್ಟಿದ್ದು ಅದರಿಂದಲೇ.

ಕಾವ್ಯಮೀಮಾಂಸೆಯನ್ನು ಪಾಠ ಹೇಳುವವನಿಗೆ ಇಲ್ಲಿ ಒಂದು ಹಳೆಯ ಪ್ರಶ್ನೆ ಎದುರಾಗುತ್ತದೆ: ದುಃಖದ ಕಥೆಯಿಂದ ನಮಗೆ ಸುಖವೇಕೆ ಉಂಟಾಗಬೇಕು? ಭಟ್ಟನಾಯಕನು ಹೇಳಿದ, ಅಭಿನವಗುಪ್ತನು ತನ್ನ ರೀತಿಯಲ್ಲಿ ಬೆಳೆಸಿದ ಉತ್ತರ ಸಾಧಾರಣೀಕರಣ. ತೀ.ನಂ.ಶ್ರೀ. ಅವರ ‘ಭಾರತೀಯ ಕಾವ್ಯಮೀಮಾಂಸೆ’ಯನ್ನು ಓದಿದವರಿಗೆ ಇದು ಹೊಸ ಮಾತಲ್ಲ. ರಂಗದ ಮೇಲೆ ಅಳುವ ಸೀತೆ ಜನಕನ ಮಗಳಾಗಿ ಮಾತ್ರ ಉಳಿಯುವುದಿಲ್ಲ. ಅವಳ ಶೋಕ ‘ಇಂಥವರದು’ ಎಂಬ ಕಟ್ಟನ್ನು ಕಳಚಿಕೊಂಡು ಎಲ್ಲರ ಶೋಕವಾಗುತ್ತದೆ. ಆದುದರಿಂದಲೇ ಅದನ್ನು ಆಸ್ವಾದಿಸುವುದು ತಪ್ಪಲ್ಲ. ನಮ್ಮ ಆಸ್ವಾದದಿಂದ ನೋಯುವವರು ಅಲ್ಲಿ ಯಾರೂ ಇಲ್ಲ.

ನಿಜವಾದ ಅಪರಾಧದ ಕಥನವಾದರೋ ಈ ಕಟ್ಟನ್ನು ಕಳಚಲು ಒಪ್ಪುವುದೇ ಇಲ್ಲ. ‘ಇದು ನಡೆದದ್ದು’ ಎಂಬುದೇ ಅದರ ಬಂಡವಾಳ. ಸತ್ತವರ ಹೆಸರು, ಅವರ ಮನೆಯ ಬಾಗಿಲು, ಕೊನೆಯ ದೂರವಾಣಿ ಕರೆ, ಪೊಲೀಸರ ಮಹಜರು, ಮರಣೋತ್ತರ ಪರೀಕ್ಷೆಯ ವರದಿ, ಇವೆಲ್ಲ ನಿಜವಾಗಿರಬೇಕು. ಆದರೆ ಅದು ಕೊಡಹೊರಡುವ ಸುಖ ಮಾತ್ರ ಕಾವ್ಯದ್ದು: ಕುತೂಹಲ, ಭಯ, ಕೊನೆಯ ಕಂತಿನವರೆಗೆ ಹಿಡಿದಿಡುವ ಗುಟ್ಟು. ನಿಜದ ಬೆಲೆಯನ್ನೂ ಕಲ್ಪನೆಯ ಸ್ವಾತಂತ್ರ್ಯವನ್ನೂ ಒಟ್ಟಿಗೆ ಬಯಸುವ ಪ್ರಕಾರವಿದು. ಈ ಎರಡೂ ಒಂದೇ ಕೈಗೆ ಸಲ್ಲತಕ್ಕವಲ್ಲ. ಆದುದರಿಂದ ಇಂಥ ಕೃತಿಯನ್ನು ರಸದ ಅಳತೆಗೋಲೊಂದರಿಂದಲೇ ಅಳೆಯಬಾರದು, ಮೊದಲು ಸಾಕ್ಷ್ಯದ ಅಳತೆಗೋಲಿನಿಂದ ಅಳೆಯಬೇಕು ಎಂಬುದು ನನ್ನ ವಾದ. ನ್ಯಾಯಾಲಯದಲ್ಲಿ ಸಾಕ್ಷಿಯನ್ನು ಯಾರೂ ‘ರೋಚಕವಾಗಿ ನುಡಿದನೆ?’ ಎಂದು ವಿಚಾರಿಸುವುದಿಲ್ಲ. ಕಂಡದ್ದನ್ನು ಹೇಳಿದನೆ, ಕಾಣದ್ದನ್ನು ಸೇರಿಸಿದನೆ, ಪಾಟೀಸವಾಲಿಗೆ ನಿಂತನೆ ಎಂದು ವಿಚಾರಿಸುತ್ತಾರೆ.

ಇದನ್ನು ಹೇಳುವ ಮುನ್ನ ನನ್ನ ತಪ್ಪನ್ನು ಒಪ್ಪಿಕೊಳ್ಳುವುದು ಒಳ್ಳೆಯದು. ಈ ಪ್ರಕಾರಕ್ಕೆ ಲೋಕಪ್ರಸಿದ್ಧಿ ತಂದ ‘ಸೀರಿಯಲ್’ ಎಂಬ ಅಮೆರಿಕದ ಪಾಡ್‌ಕಾಸ್ಟನ್ನು ನಾನೂ ಬೆಳಗಿನ ವಾಯುವಿಹಾರದಲ್ಲಿ ಕಿವಿಗೆ ಸಿಕ್ಕಿಸಿಕೊಂಡು ಕೇಳಿದವನೇ. 2014ರಲ್ಲಿ ಹನ್ನೆರಡು ಕಂತುಗಳಲ್ಲಿ ಸಾರಾ ಕೋನಿಗ್ ನಿರೂಪಿಸಿದ ಅದರ ಮೊದಲ ಸರಣಿಯ ವಿಷಯ, 1999ರಲ್ಲಿ ಬಾಲ್ಟಿಮೋರಿನಲ್ಲಿ ನಡೆದ ಒಬ್ಬ ಶಾಲಾ ಬಾಲಕಿಯ ಕೊಲೆ. ಅವಳ ಸಹಪಾಠಿ ಅದ್ನಾನ್ ಸೈಯದನಿಗೆ 2000ದಲ್ಲಿ ಜೀವಾವಧಿ ಶಿಕ್ಷೆಯಾಗಿತ್ತು. ಅವನು ನಿಜವಾಗಿ ತಪ್ಪಿತಸ್ಥನೆ? ಶಾಲೆ ಬಿಟ್ಟ ಮೇಲಿನ ಇಪ್ಪತ್ತೊಂದು ನಿಮಿಷ ಅವನು ಎಲ್ಲಿದ್ದ? ನಿರೂಪಕಿಯ ಪ್ರಾಮಾಣಿಕ ಸಂದೇಹ ನನ್ನ ಸಂದೇಹವೂ ಆಯಿತು. ಹನ್ನೆರಡು ಕಂತು ಮುಗಿದ ಮೇಲೆ ಸ್ನೇಹಿತರೊಬ್ಬರಿಗೆ ಅದರ ಕಥೆಯನ್ನು ಹೇಳತೊಡಗಿದೆ. ದೂರವಾಣಿಯ ದಾಖಲೆಗಳು ನೆನಪಿದ್ದುವು, ಕಾರನ್ನು ನಿಲ್ಲಿಸಿದ ಜಾಗ ನೆನಪಿತ್ತು. ಸತ್ತ ಹುಡುಗಿಯ ಹೆಸರು ಮಾತ್ರ ನಾಲಗೆಗೆ ಬರಲಿಲ್ಲ. ಅವಳ ಹೆಸರು ಹೇ ಮಿನ್ ಲೀ. ಅವಳಿಗೆ ಹದಿನೆಂಟು ವರ್ಷ.

ಆ ಮೊಕದ್ದಮೆಯ ಮುಂದಿನ ದಾರಿ ಇನ್ನೂ ಪಾಠ ಕಲಿಸುವಂಥದು. 2022ರ ಸೆಪ್ಟೆಂಬರಿನಲ್ಲಿ ನ್ಯಾಯಾಲಯ ಶಿಕ್ಷೆಯನ್ನು ರದ್ದುಮಾಡಿತು, ಸೈಯದ್ ಹೊರಬಂದ. ಅಂದು ಹೇ ಮಿನ್ ಲೀಯ ಅಣ್ಣತಮ್ಮಂದಿರಲ್ಲೊಬ್ಬರು, ಇದು ತಮ್ಮ ಪಾಲಿಗೆ ಪಾಡ್‌ಕಾಸ್ಟ್ ಅಲ್ಲ, ತಮ್ಮ ಬಾಳು ಎಂಬ ಅರ್ಥದಲ್ಲಿ ನ್ಯಾಯಾಲಯದ ಮುಂದೆ ನುಡಿದರು. ಖುದ್ದಾಗಿ ಹಾಜರಾಗಲು ಅವರಿಗೆ ಸಾಕಷ್ಟು ಮುಂಚಿತವಾಗಿ ತಿಳಿಸಲಿಲ್ಲವೆಂಬ ಕಾರಣದಿಂದ 2023ರಲ್ಲಿ ಮೇಲ್ಮನವಿಯ ನ್ಯಾಯಾಲಯ ಶಿಕ್ಷೆಯನ್ನು ಮರುಸ್ಥಾಪಿಸಿತು. 2024ರಲ್ಲಿ ಮೇರಿಲೆಂಡಿನ ಸರ್ವೋಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. 2025ರ ಮಾರ್ಚಿನಲ್ಲಿ, ಸೈಯದ್ ಅದುವರೆಗೆ ಅನುಭವಿಸಿದ ಸೆರೆವಾಸವೇ ಸಾಕೆಂದು ನಿರ್ಣಯವಾಯಿತು. ಅವನು ಸ್ವತಂತ್ರ, ಆದರೆ ಅಪರಾಧಿಯೆಂಬ ತೀರ್ಪು ನಿಂತಿದೆ. ಕೋಟ್ಯಂತರ ಜನ ಕೇಳಿದ ಕಥೆಗೆ ಕೇಳುಗರು ಬಯಸಿದಂಥ ಮುಕ್ತಾಯ ಇಂದಿಗೂ ದೊರೆತಿಲ್ಲ. ನಿಜ ಎಂಬುದು ಕಂತುಗಳ ಲೆಕ್ಕಕ್ಕೆ ಸಿಕ್ಕುವ ವಸ್ತುವಲ್ಲ.

ಹಾಗಾದರೆ ಈ ಪ್ರಕಾರವನ್ನೇ ತಳ್ಳಿಬಿಡಬೇಕೆ? ಬೇಡ. ಅದರಿಂದಾದ ಒಳ್ಳೆಯದನ್ನು ಮರೆಮಾಚುವುದು ನ್ಯಾಯವಲ್ಲ. ಮಿಸಿಸಿಪಿ ಸಂಸ್ಥಾನದ ವಿನೋನಾ ಎಂಬ ಸಣ್ಣ ಊರಿನಲ್ಲಿ 1996ರಲ್ಲಿ ಪೀಠೋಪಕರಣದ ಅಂಗಡಿಯೊಂದರಲ್ಲಿ ನಾಲ್ವರ ಕೊಲೆಯಾಯಿತು. ಕರ್ಟಿಸ್ ಫ್ಲವರ್ಸ್ ಎಂಬ ಕಪ್ಪು ವರ್ಣೀಯನನ್ನು ಒಬ್ಬನೇ ಸರ್ಕಾರಿ ವಕೀಲ ಅದೇ ಅಪರಾಧಕ್ಕಾಗಿ ಆರು ಬಾರಿ ವಿಚಾರಣೆಗೆ ಎಳೆದ. 2018ರಲ್ಲಿ ‘ಇನ್ ದ ಡಾರ್ಕ್’ ಎಂಬ ಪಾಡ್‌ಕಾಸ್ಟಿನ ವರದಿಗಾರರು ಹಳೆಯ ಕಡತಗಳನ್ನು ಹುಡುಕಿ ತೆಗೆದು, ಆ ವಕೀಲನ ಕಚೇರಿ ಎರಡು ದಶಕಗಳಿಗೂ ಮೀರಿದ ಕಾಲದಲ್ಲಿ ಕಪ್ಪು ವರ್ಣೀಯರನ್ನು ಜ್ಯೂರಿಯಿಂದ ಹೇಗೆ ಹೊರಗಿಡುತ್ತ ಬಂದಿತ್ತೆಂಬುದನ್ನು ಲೆಕ್ಕಹಾಕಿ ತೋರಿಸಿದರು. 2019ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯ ಆರನೆಯ ತೀರ್ಪನ್ನು ತಳ್ಳಿಹಾಕಿತು. 2020ರಲ್ಲಿ ಆರೋಪಗಳೇ ಬಿದ್ದುಹೋದುವು. ಇದಕ್ಕೆಲ್ಲ ಪಾಡ್‌ಕಾಸ್ಟೊಂದೇ ಕಾರಣವೆನ್ನಲಾಗದು. ವಕೀಲರ ವರ್ಷಗಟ್ಟಲೆ ದುಡಿಮೆ ಅಲ್ಲಿದೆ. ಆದರೂ ಆ ಕೃತಿ ಸಾಕ್ಷ್ಯದ ಅಳತೆಗೆ ನಿಲ್ಲುತ್ತದೆ. ಅದು ಗುಟ್ಟನ್ನು ಹೆಣೆಯಲಿಲ್ಲ, ಕಡತವನ್ನು ಓದಿತು.

ಆಸ್ಟ್ರೇಲಿಯದ ‘ದ ಟೀಚರ್ಸ್ ಪೆಟ್’ ಇನ್ನೊಂದು ಬಗೆಯ ನಿದರ್ಶನ. 1982ರಲ್ಲಿ ಸಿಡ್ನಿಯಲ್ಲಿ ಕಾಣೆಯಾದ ಲಿನೆಟ್ ಡಾಸನ್ ಎಂಬಾಕೆಯ ವಿಷಯವನ್ನು ಪತ್ರಕರ್ತ ಹೆಡ್ಲಿ ಥಾಮಸ್ 2018ರಲ್ಲಿ ಪಾಡ್‌ಕಾಸ್ಟಾಗಿ ಹೊರತಂದರು. ಅದೇ ವರ್ಷದ ಕೊನೆಯಲ್ಲಿ ಆಕೆಯ ಗಂಡನ ಬಂಧನವಾಯಿತು. 2022ರಲ್ಲಿ ಅವನು ಕೊಲೆಗಾರನೆಂದು ತೀರ್ಪಾಯಿತು. ಇಷ್ಟನ್ನೇ ಕೇಳಿದರೆ ಪೂರ್ಣ ಜಯವೆನ್ನಿಸುತ್ತದೆ. ಆದರೆ ಆ ಪಾಡ್‌ಕಾಸ್ಟಿನ ಅಬ್ಬರದಿಂದಾಗಿ ನಿಷ್ಪಕ್ಷಪಾತವಾದ ವಿಚಾರಣೆ ಸಾಧ್ಯವೆ ಎಂಬ ಪ್ರಶ್ನೆಯೆದ್ದು ಮೊಕದ್ದಮೆ ತಡವಾಯಿತು. ಪಾಡ್‌ಕಾಸ್ಟನ್ನು ಆ ದೇಶದಲ್ಲಿ ಕೆಲಕಾಲ ಹಿಂತೆಗೆಯಬೇಕಾಯಿತು. ಕೊನೆಗೆ ಜ್ಯೂರಿಯಿಲ್ಲದೆ ನ್ಯಾಯಾಧೀಶರೊಬ್ಬರೇ ವಿಚಾರಣೆ ನಡೆಸಿದರು. ನ್ಯಾಯದ ಬಾಗಿಲನ್ನು ತಟ್ಟಿದ ಕೈಯೇ ಅದನ್ನು ಮುಚ್ಚಿಬಿಡಬಹುದಿತ್ತು. ಈ ಅಪಾಯವನ್ನು ವಿಮರ್ಶಕನಲ್ಲದೆ ಮತ್ತೆ ಯಾರು ಎತ್ತಿ ತೋರಿಸಬೇಕು?

ನಮ್ಮ ದೇಶದಲ್ಲಿ ಜ್ಯೂರಿಯಿಲ್ಲ. ಆದರೂ ಪ್ರಶ್ನೆ ಇದ್ದೇ ಇದೆ. ಇಂದ್ರಾಣಿ ಮುಖರ್ಜಿಯ ಮೊಕದ್ದಮೆಯನ್ನು ಕುರಿತ ನೆಟ್‌ಫ್ಲಿಕ್ಸ್ ಸರಣಿ 2024ರ ಫೆಬ್ರುವರಿಯಲ್ಲಿ ಹೊರಬರುವಾಗ ವಿಚಾರಣೆ ಇನ್ನೂ ನಡೆಯುತ್ತಿತ್ತು. ತಡೆ ಕೋರಿ ಸಿ.ಬಿ.ಐ. ಬೊಂಬಾಯಿ ಉಚ್ಚ ನ್ಯಾಯಾಲಯಕ್ಕೆ ಹೋಯಿತು. ನ್ಯಾಯಾಧೀಶರು ಸರಣಿಯನ್ನು ನೋಡಿ, ಅಭಿಯೋಜನೆಗೆ ಬಾಧಕವಾದುದು ಅದರಲ್ಲಿಲ್ಲವೆಂದು ಪ್ರಸಾರಕ್ಕೆ ಬಿಟ್ಟರು. ನ್ಯಾಯಾಲಯ ಕಾನೂನಿನ ಅಡ್ಡಿಯುಂಟೆ ಎಂದಷ್ಟೇ ನೋಡುತ್ತದೆ. ಔಚಿತ್ಯವುಂಟೆ ಎಂದು ನೋಡುವ ಕೆಲಸ ನಮಗೆ ಉಳಿಯುತ್ತದೆ. ಔಚಿತ್ಯವೆಂಬ ಮಾತನ್ನು ವಿಮರ್ಶೆಗೆ ಕೊಟ್ಟ ಕ್ಷೇಮೇಂದ್ರನ ನಾಡಿನಲ್ಲಿ ಇದನ್ನು ವಿಸ್ತರಿಸಿ ಹೇಳಬೇಕಾಗಿಲ್ಲ.

ನಮ್ಮ ಬೆಂಗಳೂರಿನದೇ ಒಂದು ಪ್ರಸಂಗವಿದೆ. ಮೈಸೂರಿನ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲರ ಮೊಮ್ಮಗಳು ಶಾಕೆರೆ ಖಲೀಲಿ 1991ರಲ್ಲಿ ಕಣ್ಮರೆಯಾದರು. ಮಗಳೊಬ್ಬಳು ಸುಮ್ಮನಿರದೆ ಹುಡುಕಿದಳು, ಪೊಲೀಸರಿಗೆ ದೂರಿತ್ತಳು. 1994ರಲ್ಲಿ ಮನೆಯ ಅಂಗಳದ ನೆಲದೊಳಗಿಂದಲೇ ದೇಹಾವಶೇಷ ಹೊರಬಂತು. ಆಕೆಯ ಎರಡನೆಯ ಪತಿ, ಶ್ರದ್ಧಾನಂದನೆಂದು ಹೆಸರಿಟ್ಟುಕೊಂಡಿದ್ದವನಿಗೆ 2005ರಲ್ಲಿ ಮರಣದಂಡನೆಯಾಯಿತು. 2008ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು, ಬದುಕಿರುವವರೆಗೂ ಬಿಡುಗಡೆಯಿಲ್ಲದ ಸೆರೆವಾಸಕ್ಕೆ ಇಳಿಸಿತು. ಗಲ್ಲಿಗೂ, ಹದಿನಾಲ್ಕು ವರ್ಷಕ್ಕೆ ಮುಗಿದುಹೋಗಬಹುದಾದ ಜೀವಾವಧಿಗೂ ನಡುವೆ ಇನ್ನೊಂದು ಶಿಕ್ಷೆ ಸಾಧ್ಯವೆಂದು ಸಾರಿದ ಆ ತೀರ್ಪನ್ನು ಕಾನೂನಿನ ವಿದ್ಯಾರ್ಥಿಗಳು ಇಂದಿಗೂ ಓದುತ್ತಾರೆ.

2023ರಲ್ಲಿ ಅಮೆಜಾನ್ ಪ್ರೈಮಿನಲ್ಲಿ ಇದನ್ನು ಕುರಿತ ‘ಡ್ಯಾನ್ಸಿಂಗ್ ಆನ್ ದ ಗ್ರೇವ್’ ಎಂಬ ಸರಣಿ ಬಂತು. ನನ್ನ ಹನ್ನೊಂದು ವಿದ್ಯಾರ್ಥಿಗಳಲ್ಲಿ ಮೂವರು ಬರೆದದ್ದು ಇದನ್ನು ಕುರಿತೇ. ಅಪರಾಧಿಯೇ ಪರದೆಯ ಮೇಲೆ ಬಂದು ತನ್ನ ಮಾತನ್ನು ಹೇಳುತ್ತಾನೆಂಬುದು ಮೂವರಿಗೂ ದೊಡ್ಡ ಆಕರ್ಷಣೆ. ನಾನು ವಿಚಾರಿಸುವುದು ಇಷ್ಟು: ಮೂರು ಹಂತದ ನ್ಯಾಯಾಲಯಗಳು ಅಪರಾಧಿಯೆಂದು ನಿರ್ಣಯಿಸಿದವನಿಗೆ ಮಾತು ಕೊಟ್ಟಾಗ, ಆ ಮಾತಿಗೆ ಉತ್ತರ ಕೊಡಲಾರದವರ ಪರವಾಗಿ ಪಾಟೀಸವಾಲು ಮಾಡಿದವರು ಯಾರು? ಹೆಸರನ್ನೇ ನೋಡಿ. ಗೋರಿಯ ಮೇಲಣ ಕುಣಿತದ ಮಾತು ಅಲ್ಲಿದೆ; ಗೋರಿಯಲ್ಲಿರುವವರ ಹೆಸರಿಲ್ಲ. ಸರಣಿಯಲ್ಲಿ ಬಂಧುಗಳ ಮಾತೂ ಉಂಟು, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ನನ್ನ ಮೂವರು ವಿಮರ್ಶಕರ ಬರಹಗಳಲ್ಲಿ ತಾಯಿಯನ್ನು ಹುಡುಕಿದ ಆ ಮಗಳ ಬಗ್ಗೆ ಒಂದು ವಾಕ್ಯವೂ ಇರಲಿಲ್ಲ. ಕೊಲೆಯನ್ನು ಬಯಲಿಗೆ ತಂದವಳೇ ವಿಮರ್ಶೆಯಲ್ಲಿ ಕಾಣೆಯಾಗಿದ್ದಳು.

ಕೆಲವರು ಹೇಳಬಹುದು: ಕೊಲೆಯ ಕಥೆಯಲ್ಲಿ ಕುತೂಹಲ ಮನುಷ್ಯಸಹಜ, 1966ರಲ್ಲಿ ಟ್ರೂಮನ್ ಕಪೋಟಿಯ ‘ಇನ್ ಕೋಲ್ಡ್ ಬ್ಲಡ್’ ಪುಸ್ತಕವಾಗಿ ಬಂದಾಗಲೂ ಜನ ಮುಗಿಬಿದ್ದು ಓದಲಿಲ್ಲವೆ? ಓದಿದರು. ಕುತೂಹಲ ಪಾಪವೆಂದು ನಾನು ಹೇಳುತ್ತಿಲ್ಲ. ಹೆಣ್ಣುಮಕ್ಕಳು ಇಂಥ ಕಥನಗಳಿಂದ ಎಚ್ಚರವನ್ನು ಕಲಿಯುತ್ತೇವೆಂದು ಹೇಳುವುದನ್ನೂ ಕೇಳಿದ್ದೇನೆ, ಅದರಲ್ಲಿ ಸತ್ಯವಿದೆ. ನನ್ನ ತಕರಾರು ಕೇಳುಗನ ಮೇಲಲ್ಲ, ಕೇಳುಗನ ಕುತೂಹಲಕ್ಕೆ ನಕ್ಷತ್ರಗಳನ್ನು ಎಣಿಸಿಕೊಡುವ ವಿಮರ್ಶಕನ ಮೇಲೆ. ಅವನು ಇನ್ನೂ ಮೂರು ಪ್ರಶ್ನೆಗಳನ್ನು ಕೇಳಲೇಬೇಕು. ಸತ್ತವರು ಈ ಕೃತಿಯಲ್ಲಿ ಮನುಷ್ಯರಾಗಿ ಉಳಿದಿದ್ದಾರೆಯೆ, ಕೇವಲ ಹೆಣವಾಗಿದ್ದಾರೆಯೆ? ತಿಳಿದದ್ದನ್ನೂ ಊಹಿಸಿದ್ದನ್ನೂ ಬೇರೆ ಬೇರೆಯಾಗಿ ಇಟ್ಟಿದ್ದಾರೆಯೆ? ಉಳಿದವರ ಒಪ್ಪಿಗೆ ಕೇಳಿದ್ದಾರೆಯೆ, ಕೇಳದಿದ್ದರೆ ಅದಕ್ಕೆ ಮೀರಿದ ಸಾರ್ವಜನಿಕ ಕಾರಣವೇನು? ಇವುಗಳಿಗೆ ಉತ್ತರ ದೊರೆತ ಮೇಲೆ ಛಾಯಾಗ್ರಹಣ, ಸಂಗೀತ, ಸಂಕಲನಗಳ ಮಾತನ್ನು ಧಾರಾಳವಾಗಿ ಆಡಲಿ.

ನಮ್ಮ ಆದಿಕಾವ್ಯವೂ ಹುಟ್ಟಿದ್ದು ಒಂದು ಕೊಲೆಯನ್ನು ಕಂಡ ಗಳಿಗೆಯಲ್ಲಿ. ತಮಸಾ ತೀರದಲ್ಲಿ ಬೇಡನ ಬಾಣಕ್ಕೆ ಕ್ರೌಂಚಗಳಲ್ಲೊಂದು ಬಿತ್ತು. ವಾಲ್ಮೀಕಿ ಬಾಣದ ಗುರಿಯನ್ನು ಹೊಗಳಲಿಲ್ಲ. ಬೇಡನ ಬಾಲ್ಯವನ್ನು ವಿಚಾರಿಸುತ್ತ ಕೂರಲಿಲ್ಲ. ಉಳಿದ ಹಕ್ಕಿಯ ಅಳುವನ್ನು ಕೇಳಿದ. ಅವನ ಬಾಯಿಂದ ಬಂದ ಮಾತು ಆ ಅಳುವಿನ ಪರವಾಗಿತ್ತು. ಕೊಲೆಯನ್ನು ಕುರಿತು ಬಾಯಿಬಿಡುವವನು ಯಾರ ಕಡೆ ನಿಲ್ಲಬೇಕೆಂಬುದನ್ನು ನಮ್ಮ ಪರಂಪರೆ ಅಲ್ಲಿಯೇ ಗೊತ್ತುಮಾಡಿದೆ.

ಆ ವಿದ್ಯಾರ್ಥಿನಿಯನ್ನು ಕರೆದು, ಬರಹವನ್ನು ತರಗತಿಯಲ್ಲಿ ಓದಲೆ ಎಂದು ಕೇಳಿದೆ. “ಬೇಡಿ, ಸರ್. ಆ ಅಮ್ಮನಿಗೆ ಗೊತ್ತಾದರೆ ಇದೂ ಇನ್ನೊಂದು ಕಾರ್ಯಕ್ರಮವಾದಂತೆಯೇ” ಎಂದಳು. ಓದಲಿಲ್ಲ. ಊರಿನ ಹೆಸರನ್ನು ಹೇಳಬಾರದೆಂಬ ಅವಳ ಷರತ್ತಿಗೆ ಒಪ್ಪಿದ ಮೇಲೆಯೇ ಇಲ್ಲಿ ಇಷ್ಟನ್ನು ಬರೆದಿದ್ದೇನೆ. ವಸ್ತು, ಪಾತ್ರ, ತಂತ್ರ ಎಂದು ನಾನು ಕೊಟ್ಟಿದ್ದ ತಲೆಬರಹಗಳಲ್ಲಿ ಒಂದೂ ಆ ಅರ್ಧ ಪುಟದಲ್ಲಿ ಇಲ್ಲ. ಪೂರ್ಣಾಂಕ ಕೊಟ್ಟಿದ್ದೇನೆ. ಓದುಗನನ್ನು ಸಹೃದಯನೆಂದು ಕರೆದ ಶಾಸ್ತ್ರವನ್ನು ಇಷ್ಟು ವರ್ಷ ಪಾಠ ಹೇಳಿಕೊಂಡು ಬಂದ ನನಗೆ ಆ ಪದದ ಅರ್ಥವನ್ನು ನೆನಪಿಸಿದವಳು ಅವಳು.