ಟ್ರೇನರ್ ಬೇಕೇ? ಬೇಕಾದರೆ ಎಷ್ಟು ದಿನ?



ಹೋದ ವರ್ಷ ರಕ್ತ ಪರೀಕ್ಷೆ ಮಾಡಿಸಿದಾಗ ನನ್ನ ಸಕ್ಕರೆ ಗಡಿಗೆ ಬಂದು ನಿಂತಿತ್ತು. ಜತ್ತ ತಾಲೂಕಿನ ಕನ್ನಡಿಗನಿಗೆ ಗಡಿ ಹೊಸದಲ್ಲ. ಆದರೆ ಈ ಗಡಿ ದಾಟಿದರೆ ಹಿಂದೆ ಬರುವುದು ಕಷ್ಟ. "ಬರೀ ನಡೆದರೆ ಸಾಲದು, ಸ್ನಾಯುಗಳಿಗೂ ಕೆಲಸ ಕೊಡಿ" ಎಂದರು ಡಾಕ್ಟರು.

ಪೇಟೆಯ ಜಿಮ್ಮಿಗೆ ಹೋದೆ. ತಿಂಗಳಿಗೆ 800 ರೂಪಾಯಿ. ಪರ್ಸನಲ್ ಟ್ರೇನರ್ ಬೇಕಾದರೆ ಇನ್ನೂ 4000. ಆರು ತಿಂಗಳದ್ದು ಒಮ್ಮೆಲೇ ಕಟ್ಟಿದರೆ ರಿಯಾಯಿತಿ. ಮನೆಯಲ್ಲಿ ಹೇಳಿದೆ. "ಅಲ್ರೀ, ಅಷ್ಟು ರೊಕ್ಕದಾಗ ಮಗಳ ಹಾಸ್ಟೆಲ್ ಫೀ ಆಗ್ತದ" ಎಂದಳು ನನ್ನಾಕೆ. ಸುಳ್ಳಲ್ಲ.

ಪ್ರತಿ ಜೂನ್ ತಿಂಗಳು ಪಾಲಕರು ಕೇಳುತ್ತಾರೆ: "ಮಾಸ್ತರ್, ಹುಡುಗಗ ಟ್ಯೂಷನ್ ಹಚ್ಚೂದೇನ್ರಿ?" ನಾನು ತಿರುಗಿ ಕೇಳುವುದು ಒಂದೇ: ಅವನಿಗೆ ತಿಳಿಯುವುದಿಲ್ಲವೋ, ಅಥವಾ ಓದಲು ಕೂಡುವುದಿಲ್ಲವೋ? ತಿಳಿಯದಿದ್ದರೆ ಕೆಲವು ದಿನ ಟ್ಯೂಷನ್ ಉಪಯೋಗ. ಕೂಡದಿದ್ದರೆ ಅವನ ಬದಲು ರೊಕ್ಕ ಕೂತು ಓದುವುದಿಲ್ಲ. ಇದೇ ಪ್ರಶ್ನೆಯನ್ನು ನನಗೂ ಹಾಕಿಕೊಂಡೆ. ಬೆಳಿಗ್ಗೆ ಎದ್ದು ನಡೆಯುವ ರೂಢಿ ನನಗೆ ಮೊದಲಿನಿಂದ ಇತ್ತು. ಇಲ್ಲದ್ದು ತಿಳಿವಳಿಕೆ. ಆದ್ದರಿಂದ ಆರು ತಿಂಗಳು ಬೇಡವೆಂದು, ಒಂದೇ ತಿಂಗಳಲ್ಲಿ 12 ಪಾಠಕ್ಕೆ ಒಪ್ಪಿಸಿದೆ.

ಮೊದಲ ದಿನವೇ ನನ್ನ ಬಸ್ಕಿ ತಪ್ಪೆಂದು ಗೊತ್ತಾಯಿತು. ಹಿಮ್ಮಡಿ ಮೇಲೇಳುತ್ತಿತ್ತು, ಮೊಣಕಾಲು ಒಳಗೆ ವಾಲುತ್ತಿತ್ತು. ಹುಡುಗರಾಗಿದ್ದಾಗ ನಮಗೆ ಶಿಕ್ಷೆಗೆಂದು ಬಸ್ಕಿ ಹೊಡೆಸಿದವರುಂಟು, ಸರಿಯಾಗಿ ಹೊಡೆಯಲು ಕಲಿಸಿದವರಿಲ್ಲ! ಆ 12 ಪಾಠ ಈಗ ನನ್ನ ನೋಟ್‌ಬುಕ್ಕಿನಲ್ಲಿವೆ. ನೀರು ತುಂಬಿದ ಎರಡು ಕ್ಯಾನ್ ಹಿಡಿದು ವಾರಕ್ಕೆ ಎರಡು ದಿನ ಮನೆಯಲ್ಲೇ ಮಾಡುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ವಯಸ್ಕರಿಗೆ ಹೇಳಿದ್ದೂ ಇಷ್ಟೇ: ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸು ನಡಿಗೆಯಂಥ ಶ್ರಮ, ಜೊತೆಗೆ ಎರಡು ದಿನವಾದರೂ ಸ್ನಾಯು ಬಲಪಡಿಸುವ ವ್ಯಾಯಾಮ. ಇದಕ್ಕೆ ದುಬಾರಿ ಯಂತ್ರ ಬೇಕಿಲ್ಲ.

ಹಾಗೆಂದು ಎಲ್ಲರಿಗೂ 12 ದಿನ ಸಾಕು ಎನ್ನಲಾರೆ. ಹೃದಯದ ತೊಂದರೆ, ಮೊಣಕಾಲಿನ ಆಪರೇಷನ್ ಆದವರು ಮೊದಲು ಡಾಕ್ಟರರನ್ನು ಕೇಳಬೇಕು. ಅಂಥವರಿಗೆ ನೋಡಿಕೊಳ್ಳುವವರು ಹೆಚ್ಚು ದಿನ ಬೇಕಾಗಬಹುದು. "ಯಾರೋ ಕಾಯುತ್ತಿದ್ದಾರೆ ಎಂದರೆ ಮಾತ್ರ ಏಳುತ್ತೇನೆ" ಎನ್ನುವವರು, ಕೈಯಲ್ಲಿ ಅನುಕೂಲವಿದ್ದರೆ, ಅದಕ್ಕಾಗಿ ಕೊಡಲಿ. ಆದರೆ ರೊಕ್ಕ ಯಾವುದಕ್ಕೆ ಕೊಡುತ್ತಿದ್ದೇವೆ ಎಂಬುದು ಗೊತ್ತಿರಲಿ.

ಟ್ರೇನರನ್ನು ಅಳೆಯುವುದೂ ಸುಲಭ. ಮೊದಲ ದಿನ ಬಿ.ಪಿ., ಸಕ್ಕರೆ, ಹಳೆಯ ನೋವು ಕೇಳಿದನೇ? ನೀವು ಮಾಡುವಾಗ ನಿಮ್ಮನ್ನು ನೋಡುತ್ತಾನೋ, ಮೊಬೈಲ್ ನೋಡುತ್ತಾನೋ? ಮೊದಲ ವಾರವೇ ಪೌಡರ್ ಡಬ್ಬಿ ಮಾರಲು ಬಂದರೆ ಕೈಮುಗಿದು ಎದ್ದು ಬನ್ನಿ.

ನಮ್ಮ ಕಡೆಯ ತಾಲೀಮುಗಳಲ್ಲಿ ವಸ್ತಾದರು ಪ್ಯಾಕೇಜ್ ಇಲ್ಲದೆ ಕಲಿಸುತ್ತಿದ್ದರು. ಅದು ಹೆಮ್ಮೆಯೇ. ಆದರೆ ಅಲ್ಲಿ ನಮ್ಮ ಅಕ್ಕತಂಗಿಯರಿಗೆ ಜಾಗವಿರಲಿಲ್ಲ. ಇಂದು ನಮ್ಮ ಶಿಕ್ಷಕಿಯರು ನಾಲ್ಕಾರು ಮಂದಿ ಸೇರಿ ಒಬ್ಬ ಟ್ರೇನರಮ್ಮನನ್ನು ಒಂದು ತಿಂಗಳು ಕರೆಸಿ, ಖರ್ಚು ಹಂಚಿಕೊಂಡರೆ ನಾನಂತೂ ಅದನ್ನು ದುಂದುವೆಚ್ಚ ಎನ್ನುವುದಿಲ್ಲ.

ಮಗು ಓದಲು ಕಲಿತ ಮೇಲೆ ನಾವು ಅಕ್ಷರದ ಮೇಲಿಂದ ಬೆರಳು ತೆಗೆಯುತ್ತೇವೆ. ಬೆರಳು ತೆಗೆಯುವ ದಿನವನ್ನು ಮೊದಲೇ ಹೇಳುವ ಟ್ರೇನರ್ ಸಿಕ್ಕರೆ ರೊಕ್ಕ ಕೊಡಿ, ಚಿಂತೆಯಿಲ್ಲ.