ಥೀಮ್ ಪಾರ್ಕ್: ಚಿತ್ರದಲ್ಲಿ ಕಂಡದ್ದು ಕಟ್ಟಿದ ಮೇಲೆ ಏಕೆ ಬದಲಾಗುತ್ತದೆ?

ಹೊಸ ಥೀಮ್ ಪಾರ್ಕ್ ಘೋಷಣೆಯಾದಾಗ ಮೊದಲು ಹೊರಬರುವುದು ಬಣ್ಣಬಣ್ಣದ ಚಿತ್ರಗಳು. ಇವನ್ನು 'ಕಾನ್ಸೆಪ್ಟ್ ಆರ್ಟ್', ಅಂದರೆ ಪರಿಕಲ್ಪನಾ ಚಿತ್ರ ಎನ್ನುತ್ತಾರೆ. ಪಾರ್ಕ್ ತೆರೆದ ಮೇಲೆ ಅದೇ ಚಿತ್ರವನ್ನು ಫೋಟೋ ಪಕ್ಕ ಇಟ್ಟು 'ಇದು ಮೋಸ' ಎನ್ನುವವರೂ ಇರುತ್ತಾರೆ. ಚಿತ್ರದಂತೆ ಕಟ್ಟದಿದ್ದರೆ ಅದು ಮೋಸವೇ?

ಡಿಸ್ನಿಲ್ಯಾಂಡ್‌ನ ಮೊದಲ ಚಿತ್ರ

1953ರ ಸೆಪ್ಟೆಂಬರ್‌ನ ಒಂದು ವಾರಾಂತ್ಯದಲ್ಲಿ ವಾಲ್ಟ್ ಡಿಸ್ನಿ ವಿವರಿಸುತ್ತಾ ಹೋದಂತೆ ಕಲಾವಿದ ಹರ್ಬ್ ರೈಮನ್ ಇಡೀ ಪಾರ್ಕಿನ ಹಕ್ಕಿನೋಟವನ್ನು ಚಿತ್ರಿಸಿದರು. ವಾಲ್ಟ್ ಅವರ ಅಣ್ಣ ರಾಯ್ ಹಣ ಹೂಡುವವರಿಗೆ ತೋರಿಸಲು ಅದನ್ನು ನ್ಯೂಯಾರ್ಕ್‌ಗೆ ಒಯ್ದರು. ಅಂದರೆ ಆ ಚಿತ್ರ ಪ್ರವಾಸಿಗರಿಗಾಗಿ ಬರೆದದ್ದಲ್ಲ; ಇನ್ನೂ ಇಲ್ಲದ ಜಾಗವನ್ನು ನಂಬಿಸುವುದಕ್ಕೆ ಬರೆದದ್ದು.

1955ರ ಜುಲೈ 17ರಂದು ಪಾರ್ಕ್ ತೆರೆದಾಗ ಮೂಲ ವಿನ್ಯಾಸ ಹಾಗೇ ಉಳಿದಿತ್ತು: ಸುತ್ತಲೂ ರೈಲು, ಒಂದೇ ಮುಖ್ಯ ಬೀದಿ, ಅದರ ತುದಿಯಲ್ಲಿ ಕೋಟೆ. ಆದರೆ ಚಿತ್ರದಲ್ಲಿ ಭವ್ಯವಾಗಿ ಕಾಣುವ ಕೋಟೆಯ ನಿಜವಾದ ಎತ್ತರ 77 ಅಡಿ ಮಾತ್ರ. ಯೋಜನೆಯಲ್ಲಿದ್ದ 'ಲಿಲಿಪುಟಿಯನ್ ಲ್ಯಾಂಡ್' ಎಂಬ ಪುಟಾಣಿ ಲೋಕ ಆ ಹೆಸರಿನಲ್ಲಿ ಬರಲೇ ಇಲ್ಲ. ಕಾಡಿನ ದೋಣಿ ವಿಹಾರಕ್ಕೆ ವಾಲ್ಟ್ ಬಯಸಿದ್ದು ಜೀವಂತ ಪ್ರಾಣಿಗಳನ್ನು. ಅವು ಹಗಲಲ್ಲಿ ಮಲಗುತ್ತವೆ, ಅಡಗಿಕೊಳ್ಳುತ್ತವೆ ಎಂಬ ಕಾರಣಕ್ಕೆ ಯಾಂತ್ರಿಕ ಪ್ರಾಣಿಗಳು ಬಂದವು. ಈ ಬದಲಾವಣೆಯಿಂದ ಪ್ರತಿ ದೋಣಿಯವರಿಗೂ ಆನೆ ಕಾಣುವಂತಾಯಿತು.

ವ್ಯತ್ಯಾಸ ಏಕೆ?

ಮೊದಲನೆಯದು ನೋಟ. ಚಿತ್ರ ಆಕಾಶದಿಂದ ನೋಡುತ್ತದೆ, ನಾವು ನೆಲದ ಮೇಲೆ ಸರದಿಯಲ್ಲಿ ನಿಂತು ನೋಡುತ್ತೇವೆ. ಚಿತ್ರದಲ್ಲಿ ಸದಾ ಸಂಜೆಯ ಬೆಳಕು. ಕಾರಂಜಿ, ಪಟಾಕಿ, ಮೆರವಣಿಗೆ ಎಲ್ಲವೂ ಒಂದೇ ಕ್ಷಣದಲ್ಲಿ ನಡೆಯುತ್ತಿರುತ್ತವೆ.

ಎರಡನೆಯದು ವಾಸ್ತವದ ಲೆಕ್ಕ. ತುರ್ತು ದಾರಿ, ಕಂಬಿಬೇಲಿ, ಗಾಲಿಕುರ್ಚಿಗೆ ಇಳಿಜಾರು, ದುರಸ್ತಿಗೆ ಜಾಗ, ದಿನವೂ ಕೊಡಬೇಕಾದ ಸಂಬಳ ಇವು ಯಾವುವೂ ಚಿತ್ರದಲ್ಲಿ ಇರುವುದಿಲ್ಲ. ಬಜೆಟ್ ಕುಗ್ಗಿದಾಗ ಮೊದಲು ಹೋಗುವುದು ಅಲಂಕಾರ.

ಚಿತ್ರ ಕೊಟ್ಟ ಅನುಭವವನ್ನು ಬೇರೆ ದಾರಿಯಲ್ಲಿ ತರುವುದೂ ಉಂಟು. ಡಿಸ್ನಿಲ್ಯಾಂಡ್ ಕೋಟೆಯ ಕಲ್ಲುಗಳನ್ನು ಕೆಳಗೆ ದೊಡ್ಡದಾಗಿ, ಮೇಲೆ ಹೋದಂತೆ ಚಿಕ್ಕದಾಗಿ ಮಾಡಿದ್ದಾರೆ. ದೂರದ ವಸ್ತು ಚಿಕ್ಕದಾಗಿ ಕಾಣುತ್ತದೆ ಎಂಬ ರೂಢಿಯಿಂದ ನಮ್ಮ ಮಿದುಳು ಆ ಗೋಪುರಗಳನ್ನು ಇದ್ದದ್ದಕ್ಕಿಂತ ಎತ್ತರವೆಂದು ಭಾವಿಸುತ್ತದೆ.

ಉದ್ದೇಶವೇ ಬದಲಾಗುವುದೂ ಇದೆ. 1966ರಲ್ಲಿ ವಾಲ್ಟ್ ಫ್ಲಾರಿಡಾದ 'ಎಪ್ಕಾಟ್' ಅನ್ನು 20,000 ಜನ ವಾಸಿಸುವ ನಗರವೆಂದು ವಿವರಿಸಿದ್ದರು. ಅದೇ ಡಿಸೆಂಬರ್‌ನಲ್ಲಿ ಅವರು ತೀರಿಕೊಂಡರು. 1982ರಲ್ಲಿ ತೆರೆದದ್ದು ನಗರವಲ್ಲ, ಮತ್ತೊಂದು ಥೀಮ್ ಪಾರ್ಕ್.

ಹಾಗಾದರೆ ಮೋಸ ಯಾವುದು?

2024ರ ಫೆಬ್ರವರಿಯಲ್ಲಿ ಸ್ಕಾಟ್ಲೆಂಡ್‌ನ ಗ್ಲಾಸ್ಗೋದಲ್ಲಿ 'ವಿಲ್ಲೀಸ್ ಚಾಕೊಲೇಟ್ ಎಕ್ಸ್‌ಪೀರಿಯೆನ್ಸ್' ನಡೆಯಿತು. ಎಐ ತಯಾರಿಸಿದ ಮಾಯಾಲೋಕದ ಚಿತ್ರಗಳನ್ನು ನಂಬಿ ಜನ 35 ಪೌಂಡ್‌ವರೆಗೂ ಕೊಟ್ಟು ಟಿಕೆಟ್ ಕೊಂಡರು. ಮಕ್ಕಳಿಗೆ ಸಿಕ್ಕಿದ್ದು ಬಹುಪಾಲು ಖಾಲಿಯಾಗಿದ್ದ ಗೋದಾಮು. ಪೊಲೀಸರು ಬಂದರು, ಅದೇ ದಿನ ಕಾರ್ಯಕ್ರಮ ನಿಂತಿತು. ಜಾಹೀರಾತಿನ ಚಿತ್ರಗಳಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಪದಗಳಿದ್ದವು. ಆ ಸುಳಿವು ಅನೇಕರ ಕಣ್ಣಿಗೆ ಬಿದ್ದದ್ದು ಆಮೇಲೆ.

ರೈಮನ್ ಚಿತ್ರದ ಹಿಂದೆ ಕಟ್ಟುವ ಯೋಜನೆ ಇತ್ತು. ಗ್ಲಾಸ್ಗೋ ಚಿತ್ರದ ಹಿಂದೆ ಅಂಥದ್ದೇನೂ ಕಾಣಲಿಲ್ಲ. ಎರಡೂ ವಾಸ್ತವಕ್ಕಿಂತ ಸುಂದರ, ಆದರೆ ಎರಡೂ ಒಂದೇ ಅಲ್ಲ.

ಟಿಕೆಟ್ ಕೊಳ್ಳುವ ಮುನ್ನ

• ಮೂಲೆಯಲ್ಲಿ 'ಕಲಾವಿದರ ಕಲ್ಪನೆ' ಎಂಬ ಸಣ್ಣಕ್ಷರ ಇದೆಯೇ ನೋಡಿ.
• ನಿರ್ಮಾಣದ ಫೋಟೋ ಅಥವಾ ಭೇಟಿ ಕೊಟ್ಟವರ ವಿಡಿಯೋ ಹುಡುಕಿ.
• ಅಕ್ಷರ, ಬೆರಳು, ನೆರಳು ವಿಚಿತ್ರವಾಗಿದ್ದರೆ ಎಚ್ಚರ.
• ಹಣ ವಾಪಸಾತಿಯ ನಿಯಮ ಓದಿ.

ಪರಿಕಲ್ಪನಾ ಚಿತ್ರ ಹೇಳುವುದು 'ಹೀಗೆ ಅನ್ನಿಸಬೇಕು' ಎಂದು, 'ಹೀಗೇ ಇರುತ್ತದೆ' ಎಂದಲ್ಲ. ದುಡ್ಡು ಕೊಡುವ ಮೊದಲು ಕೇಳಬೇಕಾದದ್ದು ಎರಡನೆಯದನ್ನು.