ಕಂಪ್ಯೂಟರ್ ಬಂದರೂ ಕೌಂಟರ್ ಬೇಕು

ಸಂಸೆ: ಒಂದು ಪಹಣಿಗಾಗಿ ಮೂರು ಸಲ ತಾಲೂಕು ಕಚೇರಿಗೆ ಅಲೆದವರಿಗೆ ಕಂಪ್ಯೂಟರಿನ ಬೆಲೆ ಏನೆಂದು ವಿವರಿಸಿ ಹೇಳಬೇಕಾಗಿಲ್ಲ. ಕಳಸ ಇನ್ನೂ ಮೂಡಿಗೆರೆ ತಾಲೂಕಿನ ಹೋಬಳಿಯಾಗಿದ್ದಾಗ ಸಂಸೆಯವರು ಒಂದು ಸಹಿಗಾಗಿ ಘಾಟಿ ರಸ್ತೆಯಲ್ಲಿ ಐವತ್ತಕ್ಕೂ ಹೆಚ್ಚು ಕಿಲೋಮೀಟರ್ ಹೋಗಬೇಕಿತ್ತು. ಅಂದಿನ ಕೂಲಿಯೂ ಹೋಯಿತು, ಬಸ್ಸಿನ ಹಣವೂ ಹೋಯಿತು. ಈಗ ಕಳಸವೇ ತಾಲೂಕು. ಹಲವು ಸೇವೆಗಳಿಗೆ ಗ್ರಾಮ ಪಂಚಾಯತ್‌ನಲ್ಲೇ ಅರ್ಜಿ ಹಾಕಬಹುದು.

ಈ ಬದಲಾವಣೆಯಲ್ಲಿ ನಮ್ಮ ರಾಜ್ಯ ಮುಂದಿತ್ತು ಎಂಬುದರಲ್ಲಿ ಎರಡು ಮಾತಿಲ್ಲ. 2000ದ ದಶಕದ ಆರಂಭದಲ್ಲಿ 'ಭೂಮಿ' ಯೋಜನೆ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಸೇರಿಸಿತು. ಗ್ರಾಮಲೆಕ್ಕಿಗರ ಕೈಬರಹದ ಪಹಣಿ ಹೋಗಿ, 15 ರೂಪಾಯಿಗೆ ಮುದ್ರಿತ ಪ್ರತಿ ಸಿಗತೊಡಗಿತು. ನಗರದವರಿಗೆ 2005ರಲ್ಲಿ 'ಬೆಂಗಳೂರು ಒನ್' ಬಂತು. ಕರೆಂಟ್ ಬಿಲ್, ನೀರಿನ ಬಿಲ್, ಮನೆ ತೆರಿಗೆ ಎಲ್ಲವನ್ನೂ ಒಂದೇ ಕಡೆ ಕಟ್ಟುವಂತಾಯಿತು. ಅದೇ ಮಾದರಿಯ 'ಗ್ರಾಮ ಒನ್' ಹಳ್ಳಿಗಳಿಗೆ ಬರಲು 2022 ಆಗಬೇಕಾಯಿತು.

ಹಕ್ಕಾಗಿ ಕೇಳುವ ಅವಕಾಶ

ಯಂತ್ರಕ್ಕಿಂತ ಮುಖ್ಯವಾದುದು 2012ರಲ್ಲಿ ರಾಜ್ಯಾದ್ಯಂತ ಜಾರಿಗೆ ಬಂದ 'ಸಕಾಲ'. ಅರ್ಜಿ ಕೊಟ್ಟ ಕೂಡಲೇ ಸಂಖ್ಯೆ ಇರುವ ಸ್ವೀಕೃತಿ ಚೀಟಿ ಸಿಗಬೇಕು. ಅವಧಿ ಮೀರಿದರೆ ಮೇಲ್ಮನವಿ ಸಲ್ಲಿಸಬಹುದು. ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರ ಕೇಳಬಹುದು. ಮೊತ್ತ ಸಣ್ಣದು. ಆದರೆ "ನಾಳೆ ಬನ್ನಿ" ಎಂಬ ಮಾತಿಗೆ ಲೆಕ್ಕ ಕೊಡಬೇಕಾದ ಸ್ಥಿತಿ ಬಂತು. ಚೀಟಿಯನ್ನು ಕೇಳಿ ಪಡೆಯದಿದ್ದರೆ ಮಾತ್ರ ಈ ಹಕ್ಕು ಕಾಗದದಲ್ಲೇ ಉಳಿಯುತ್ತದೆ.

ಮಲೆನಾಡಿನ ತೊಡಕು

ಕುದುರೆಮುಖದ ತಪ್ಪಲಿನ ಈ ಭಾಗದಲ್ಲಿ ಜೂನ್ ಬಂತೆಂದರೆ ಮರ ಬಿದ್ದು ಕರೆಂಟ್ ಹೋಗುವುದು ಸಾಮಾನ್ಯ. ಕರೆಂಟ್ ಹೋದರೆ ಟವರ್ ಸುಮ್ಮನಾಗುತ್ತದೆ, ಟವರ್ ಸುಮ್ಮನಾದರೆ 'ಸರ್ವರ್ ಇಲ್ಲ'. ಬೆಂಗಳೂರಿನಲ್ಲಿ ಹತ್ತು ನಿಮಿಷದ ತೊಂದರೆ ಇಲ್ಲಿ ಹಲವು ದಿನಗಳ ತೊಂದರೆಯಾಗಬಹುದು. ಕಾಫಿ ತೋಟ, ಚಹಾ ತೋಟಗಳಲ್ಲಿ ದುಡಿದು ಬೆರಳಿನ ಗೆರೆ ಸವೆದವರಿಗೆ ಹೆಬ್ಬೆಟ್ಟಿನ ಯಂತ್ರ ಇನ್ನೊಂದು ಪರೀಕ್ಷೆ. ಒಟಿಪಿ ಇದೆ ನಿಜ, ಆದರೆ ಮೊಬೈಲಿಗೆ ಸಿಗ್ನಲ್ ಬೇಕಲ್ಲ!

ಇದಕ್ಕಿಂತ ಆಳವಾದ ಪ್ರಶ್ನೆ ಮನೆಯ ದಾಖಲೆಯದು. 2013ರಿಂದ ಪಂಚಾಯತ್‌ಗಳು 'ಇ-ಸ್ವತ್ತು' ಮೂಲಕ ನಮೂನೆ 9 ಮತ್ತು 11 ನೀಡುತ್ತಿವೆ. ನಕಲಿ ದಾಖಲೆ ತಡೆಯಲು ಇದು ಒಳ್ಳೆಯ ಕ್ರಮ. ಆದರೆ ನಮೂನೆ 9 ಸಿಗುವುದು ಗ್ರಾಮಠಾಣಾದ ಒಳಗಿನ ಅಥವಾ ಪರಿವರ್ತನೆಯಾಗಿ ಅನುಮೋದನೆ ಪಡೆದ ಜಾಗಕ್ಕೆ. ತೋಟದ ಲೈನ್ ಮನೆಯಲ್ಲಿ ತಲೆಮಾರು ಕಳೆದವರಿಗೆ, ಅರಣ್ಯವೋ ಕಂದಾಯವೋ ಎಂದು ಇತ್ಯರ್ಥವಾಗದ ನೆಲದಲ್ಲಿ ಗುಡಿಸಲು ಕಟ್ಟಿದವರಿಗೆ ಕಂಪ್ಯೂಟರಿನಲ್ಲಿ ತುಂಬಲು ಏನಿದೆ? ಸರಕಾರಿ ಜಾಗದ ಮನೆ ಸಕ್ರಮಗೊಳಿಸಲು 94ಸಿ ಕಲಮು ಇದೆ. ಅದರ ತೀರ್ಮಾನ ಮನುಷ್ಯರು ಮಾಡಬೇಕು, ಯಂತ್ರವಲ್ಲ. ಕಡತದಲ್ಲಿ ಬಗೆಹರಿಯದ ಸಮಸ್ಯೆ ಪರದೆಯ ಮೇಲೆ ತಾನಾಗಿ ಬಗೆಹರಿಯದು.

ಆಗಬೇಕಾದುದೇನು?

ಪಂಚಾಯತ್ ಕಚೇರಿಗೆ ಮಳೆಗಾಲದಲ್ಲೂ ಕೈಕೊಡದ ಬ್ಯಾಟರಿ ಅಥವಾ ಸೋಲಾರ್ ವ್ಯವಸ್ಥೆ ಬೇಕು. ಸರ್ವರ್ ಇಲ್ಲದ ದಿನವೂ ಅರ್ಜಿಯನ್ನು ಕಾಗದದಲ್ಲಿ ಪಡೆದು, ದಿನಾಂಕ ಹಾಕಿದ ರಸೀದಿ ಕೊಡಬೇಕು. ಬೆರಳು ಹೊಂದದವರನ್ನು ಬರಿಗೈಯಲ್ಲಿ ಕಳುಹಿಸಬಾರದು. ಈ ಮೂರು ಬೇಡಿಕೆಗಳನ್ನು ಗ್ರಾಮಸಭೆಯಲ್ಲಿ ನಾವೇ ಎತ್ತಬೇಕು. ನಡಾವಳಿ ಪುಸ್ತಕದಲ್ಲಿ ಬರೆಸಬೇಕು.

ನಮ್ಮ ವಠಾರದ ಓದಿದ ಯುವಕ ಯುವತಿಯರು ತಿಂಗಳಿಗೊಂದು ಭಾನುವಾರ ಹಿರಿಯರ ಪಿಂಚಣಿ, ಪಡಿತರದ ಕಾಗದಗಳನ್ನು ನೋಡಿ, ಅರ್ಜಿ ತುಂಬಿಸಿಕೊಟ್ಟರೆ ಅದೂ ದೊಡ್ಡ ಸೇವೆಯೇ. ಬೆಟ್ಟದ ತುದಿಯ ಮನೆಯ ಅಜ್ಜಿಗೆ ಪಿಂಚಣಿ ತಪ್ಪದೆ ತಲುಪಿದ ದಿನ ಈ ವ್ಯವಸ್ಥೆ ಗೆದ್ದಿತು ಎನ್ನೋಣ.